ಒಂಬತ್ತು ಸಾವಿರದ ಕಂಪ್ಯೂಟರ್ ಮತ್ತು ಕೌಂಟರ್ ಆಚೆಗಿನ ಹುಡುಗ

ನಾನು ಓದಿದ ಹೈಸ್ಕೂಲಿನಲ್ಲಿ ಒಂದು ಕಂಪ್ಯೂಟರ್ ಕೋಣೆ ಇತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಬೀಗದ ಕೈ ಹೆಡ್‌ಮಾಸ್ಟರ್ ಹತ್ತಿರ. ಒಳಗೆ ನಾಲ್ಕು ಕಂಪ್ಯೂಟರ್, ನಾಲ್ಕಕ್ಕೂ ಹೂವಿನ ಚಿತ್ರದ ಬಟ್ಟೆ ಹೊದಿಕೆ. ಆಯುಧ ಪೂಜೆ ದಿನ ಹೊದಿಕೆ ತೆಗೆದು, ಮಾನಿಟರ್ ನೆತ್ತಿಗೆ ವಿಭೂತಿ ಎಳೆದು, ಮಂಗಳಾರತಿ ಮಾಡಿ, ಮತ್ತೆ ಹೊದಿಸಿ ಬೀಗ ಹಾಕುತ್ತಿದ್ದರು. ಮೂರು ವರ್ಷದಲ್ಲಿ ನಾವು ಅವನ್ನು ಮುಟ್ಟಿದ್ದು ಬೆರಳೆಣಿಕೆಯಷ್ಟು ಸಲ. ಒಂದು ಸಲ ಮೌಸಿನ ವೈರನ್ನು ಇಲಿ ಕಡಿದು ಹಾಕಿತು. ಇಲಿಯನ್ನು ಇಲಿಯೇ ತಿಂತಲ್ಲಪ್ಪ ಅಂತ ಮೇಷ್ಟ್ರು ನಕ್ಕರು, ನಾವೂ ನಕ್ಕೆವು. ಆಮೇಲೆ ಹೊಸ ಮೌಸ್ ಬರಲೇ ಇಲ್ಲ. ಅದೇನು ಲಕ್ಷದ ಸಾಮಾನಲ್ಲ. ಆದರೆ ಆ ದುಡ್ಡನ್ನು ಯಾವ ಲೆಕ್ಕಕ್ಕೆ ಬರೆಯೋದು, ಯಾರ ಸಹಿ ಬೇಕು, ತರೋಕೆ ಪೇಟೆಗೆ ಯಾರು ಹೋಗೋದು, ಇದು ಯಾರಿಗೂ ಗೊತ್ತಿರಲಿಲ್ಲ.

ಹಳ್ಳಿಗೆ ಅಗ್ಗದ ಕಂಪ್ಯೂಟರ್ ಮುಟ್ಟಿಸುತ್ತೇವೆ ಅಂತ ಕಳೆದ ಇಪ್ಪತ್ತೈದು ವರ್ಷದಲ್ಲಿ ನಡೆದ ಪ್ರಯತ್ನಗಳ ಬಗ್ಗೆ ಓದುವಾಗೆಲ್ಲ ನನಗೆ ಆ ಮೌಸ್ ನೆನಪಾಗುತ್ತದೆ. ಎಲ್ಲರೂ ಹಟ ಹಿಡಿದದ್ದು ಬೆಲೆ ಇಳಿಸೋದಕ್ಕೆ. ಮೌಸ್ ಕೆಟ್ಟ ಮಾರನೇ ದಿನ ಏನು ಮಾಡೋದು ಅಂತ ಯೋಚಿಸಿದವರು ಕಡಿಮೆ.

ಈ ಕತೆಯ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರಿನದೇ. 1998ರಲ್ಲಿ ಬೆಂಗಳೂರಿನಲ್ಲಿ ಬಡ ದೇಶಗಳಿಗೆ ಐಟಿಯಿಂದ ಏನು ಉಪಯೋಗ ಅಂತ ಒಂದು ಚರ್ಚೆ ನಡೆಯಿತು. ಅಲ್ಲಿ ಮೊಳಕೆಯೊಡೆದ ಯೋಚನೆಯೇ ಸಿಂಪ್ಯೂಟರ್. ಸಿಂಪಲ್, ಇನ್‌ಎಕ್ಸ್‌ಪೆನ್ಸಿವ್, ಮಲ್ಟಿಲಿಂಗ್ವಲ್, ಅಂದರೆ ಸರಳ, ಅಗ್ಗದ, ಹಲವು ಭಾಷೆಯ ಕಂಪ್ಯೂಟರ್. ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಇದಕ್ಕೆ ಕೈ ಹಾಕಿದರು. ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್. ಜೊತೆಗೆ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಅವರ ಸಂಗಡಿಗರು. 2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರ ಹೊರಗೆ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಮುಟ್ಟಿದರೆ ಕೆಲಸ ಮಾಡುವ ಪರದೆ, ಒಳಗೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಲಿನಕ್ಸ್ ತಂತ್ರಾಂಶ. ಅಂದುಕೊಂಡ ಬೆಲೆ ಸುಮಾರು 9,000 ರೂಪಾಯಿ.

ಇದರಲ್ಲಿ ನನಗೆ ಈಗಲೂ ಇಷ್ಟ ಆಗೋದು ಎರಡು ವಿಷಯ. ಒಂದು, ಅದು ಓದಿ ಹೇಳುತ್ತಿತ್ತು. ಅಕ್ಷರ ಗೊತ್ತಿಲ್ಲದವರಿಗೂ ಆಗಲಿ ಅಂತ, ಬರಹವನ್ನು ಮಾತಾಗಿಸುವ 'ಧ್ವನಿ' ಅನ್ನೋ ತಂತ್ರಾಂಶವನ್ನು ಅದಕ್ಕಾಗಿ ಬೆಳೆಸಿದ್ದರು. ಕನ್ನಡ ಟೈಪ್ ಮಾಡೋದೇ ಒಂದು ಸಾಹಸವಾಗಿದ್ದ ಕಾಲ ಅದು. ಬರಹ, ನುಡಿ ಅಂತ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು, ಒಬ್ಬರ ಫೈಲ್ ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಅಂಥ ಹೊತ್ತಲ್ಲಿ ಕಂಪ್ಯೂಟರ್ ಓದಿ ಹೇಳಬೇಕು ಅಂತ ಯೋಚಿಸಿದ್ದು ದೊಡ್ಡ ಮಾತು.

ಎರಡನೆಯದು ಸ್ಮಾರ್ಟ್ ಕಾರ್ಡ್. ಯಂತ್ರದಲ್ಲಿ ಕಾರ್ಡ್ ತೂರಿಸುವ ಒಂದು ಜಾಗ ಇತ್ತು. ಹಿಂದಿನ ಲೆಕ್ಕಾಚಾರ ಇಷ್ಟು: ಹಳ್ಳಿಯವನು 9,000 ಕೊಟ್ಟು ಯಂತ್ರ ಕೊಳ್ಳೋದಿಲ್ಲ. ಆಗ ಕೂಲಿ ದಿನಕ್ಕೆ ನೂರು ರೂಪಾಯಿ ಮುಟ್ಟುತ್ತಿರಲಿಲ್ಲ. ಊಟ, ಬಟ್ಟೆ, ಮದ್ದು ಎಲ್ಲ ಬಿಟ್ಟರೂ ಮೂರು ತಿಂಗಳ ದುಡಿಮೆ ಸಾಲದು. ಹಾಗಾಗಿ ಊರಿಗೆ ಒಂದೋ ಎರಡೋ ಯಂತ್ರ ಇರಲಿ. ಪಂಚಾಯ್ತಿಯಲ್ಲೋ, ಹಾಲಿನ ಡೇರಿಯಲ್ಲೋ, ಅಂಗಡಿಯಲ್ಲೋ. ಪ್ರತಿಯೊಬ್ಬರ ಹತ್ತಿರ ಸ್ವಂತದ್ದು ಅಂತ ಒಂದು ಕಾರ್ಡ್ ಇರಲಿ. ಕಾರ್ಡ್ ತೂರಿಸಿದರೆ ಯಂತ್ರ ನಿಮ್ಮದು, ತೆಗೆದರೆ ಪಕ್ಕದವರದು. ಬಾಡಿಗೆಗೆ ಟ್ರ್ಯಾಕ್ಟರ್ ಕರೆಸಿ ಉಳುಮೆ ಮಾಡಿಸಿಕೊಳ್ಳುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಯಾಕೆ ನಡೆಯಲಿಲ್ಲ? ಮೊದಲು ಬೆಲೆಯ ವಿಷಯವನ್ನೇ ನೋಡೋಣ. ಇಂಥ ಯಂತ್ರದ ಬೆಲೆ ನಿಲ್ಲೋದು ಪರದೆ, ಮೆಮೊರಿ, ಪ್ರೊಸೆಸರ್ ಮೇಲೆ. ಮೂರೂ ಹೊರಗಿನಿಂದ ಬರಬೇಕು. ಲಕ್ಷಗಟ್ಟಲೆ ಕೊಳ್ಳುತ್ತೇನೆ ಅಂದರೆ ಮಾತ್ರ ಮಾರುವವನು ರೇಟು ಇಳಿಸುತ್ತಾನೆ. ರೇಟು ಇಳಿಯದಿದ್ದರೆ ಯಂತ್ರ ಅಗ್ಗ ಆಗೋದಿಲ್ಲ. ಅಗ್ಗ ಆಗದಿದ್ದರೆ ಲಕ್ಷಗಟ್ಟಲೆ ಜನ ಕೊಳ್ಳೋದಿಲ್ಲ. ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು ಅಂತಾರಲ್ಲ, ಅದೇ ಪಾಡು. 2004ರ ಏಪ್ರಿಲ್‌ನಲ್ಲಿ ಸರ್ಕಾರಿ ಕಂಪನಿ ಬಿಇಎಲ್ ತಯಾರಿಸಿದ 'ಅಮಿಡಾ ಸಿಂಪ್ಯೂಟರ್' ಅಂಗಡಿಗೆ ಬಂದಾಗ ಕಪ್ಪುಬಿಳುಪು ಪರದೆಯದಕ್ಕೇ ಹತ್ತು ಸಾವಿರದ ಹತ್ತಿರ. ಬಣ್ಣದ ಪರದೆಯದು ಬೇಕಂದರೆ ಅದರ ಎರಡರಷ್ಟು. ಮಾರಾಟವಾದದ್ದು ಕೆಲವು ಸಾವಿರ ಮಾತ್ರ. ಪರದೆಯ ಪುಟ ಮಗುಚೋಕೆ ಯಂತ್ರವನ್ನೇ ಕೈಯಲ್ಲಿ ಅಲ್ಲಾಡಿಸುವ ಸೌಲಭ್ಯ ಅದರಲ್ಲಿತ್ತು, ಐಫೋನ್ ಬರೋದಕ್ಕೆ ಮೂರು ವರ್ಷ ಮೊದಲೇ. ಜಾಣತನಕ್ಕೇನೂ ಕೊರತೆ ಇರಲಿಲ್ಲ.

ಕೊರತೆ ಇದ್ದದ್ದು ಬೇರೆ ಕಡೆ. ಸಿಂಪ್ಯೂಟರ್ ಕೈಗೆ ಬಂದರೆ ರೈತ ಅದರಲ್ಲಿ ಏನು ನೋಡಬೇಕು? ಎಪಿಎಂಸಿ ರೇಟು ದಿನಾ ಯಾರು ತುಂಬುತ್ತಾರೆ? ಹಳ್ಳಿಯಲ್ಲಿ ಇಂಟರ್‌ನೆಟ್ ಎಲ್ಲಿತ್ತು? ಮತ್ತೆ, ಕೊಳ್ಳುವ ಗಿರಾಕಿ ಹಳ್ಳಿಯವನಲ್ಲ, ಸರ್ಕಾರ. ಸರ್ಕಾರ ಅಷ್ಟು ದೊಡ್ಡ ಆರ್ಡರ್ ಕೊಡಲೇ ಇಲ್ಲ.

ಇದೇ ಹೊತ್ತಿಗೆ, ಯಾರೂ ಹಳ್ಳಿ ಉದ್ಧಾರದ ಹೆಸರು ಹೇಳದೆ, ಇನ್ನೊಂದು ಯಂತ್ರ ಹಿಂಬಾಗಿಲಿನಿಂದ ಬಂತು. 2003ರಲ್ಲಿ ಇನ್‌ಕಮಿಂಗ್ ಫ್ರೀ ಆಯಿತು. ಅದೇ ವರ್ಷ ನೋಕಿಯಾ 1100 ಬಂತು. ಧೂಳು ಹೋಗದ ಕೀಪ್ಯಾಡ್, ತಲೆಯ ಮೇಲೊಂದು ಟಾರ್ಚ್. ನಮ್ಮ ಕಡೆ ತ್ರೀ ಫೇಸ್ ಕರೆಂಟು ರಾತ್ರಿ ಎಷ್ಟೋ ಹೊತ್ತಿಗೆ ಕೊಡೋದು. ಮೋಟರ್ ಹಾಕೋಕೆ ಹೊಲಕ್ಕೆ ಹೋಗಬೇಕು, ಬದುವಿನ ಮೇಲೆ ಹಾವು ಇರುತ್ತೆ. ಟಾರ್ಚ್ ಇರುವ ಫೋನು, ಒಂದು ಚಾರ್ಜಿಗೆ ದಿನಗಟ್ಟಲೆ ಬರುವ ಬ್ಯಾಟರಿ. ಇದನ್ನು ಬಳಸೋದು ಹೇಗೆ ಅಂತ ಯಾವ ತರಬೇತಿ ಶಿಬಿರವೂ ಬೇಕಾಗಲಿಲ್ಲ. ಆ ಒಂದು ಮಾಡೆಲ್ಲೇ ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು.

ಫೋನಿನ ಹಿಂದೆ ಒಂದು ಸಣ್ಣ ಲೋಕವೇ ಬೆಳೆಯಿತು. ಬಸ್ ಸ್ಟ್ಯಾಂಡ್ ಪಕ್ಕ ಹತ್ತು ರೂಪಾಯಿ ರೀಚಾರ್ಜ್ ಮಾಡುವ ಬೀಡಾ ಅಂಗಡಿ. ಹೋಬಳಿಗೊಬ್ಬ ರಿಪೇರಿ ಹುಡುಗ, ಅವನಿಗೆ ಬಿಡಿಭಾಗ ಬೆಂಗಳೂರಿನ ಎಸ್‌ಪಿ ರೋಡಿನಿಂದ. ಅಣ್ಣ ಹೊಸದು ತಗೊಂಡರೆ ಹಳೇದು ಅಮ್ಮನಿಗೆ. ಡಿಸ್‌ಪ್ಲೇ ಹೋದರೆ ಸಂಜೆಗೆ ರೆಡಿ. ನಮ್ಮ ಶಾಲೆಯ ಮೌಸಿಗೆ ಸಿಗದ ಭಾಗ್ಯ ಇದು.

ಆದರೂ ಅಗ್ಗದ ಕಂಪ್ಯೂಟರಿನ ಕನಸು ನಿಲ್ಲಲಿಲ್ಲ. ಅದು ಅಮೆರಿಕದಲ್ಲಿ ಇನ್ನೂ ದೊಡ್ಡದಾಗಿ ಬೆಳೆಯಿತು. ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದ ನಿಕೋಲಸ್ ನೆಗ್ರೊಪಾಂಟೆ 2005ರಲ್ಲಿ 100 ಡಾಲರಿನ ಲ್ಯಾಪ್‌ಟಾಪ್ ಮಾಡ್ತೀನಿ, ಬಡ ದೇಶದ ಪ್ರತಿ ಮಗುವಿಗೂ ಒಂದೊಂದು ಅಂದರು. 'ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್' ಅಂತ ಯೋಜನೆಯ ಹೆಸರು. ಅದೇ ವರ್ಷ ಟ್ಯುನಿಸ್‌ನಲ್ಲಿ ವಿಶ್ವಸಂಸ್ಥೆಯ ಮುಖ್ಯಸ್ಥ ಕೋಫಿ ಅನ್ನಾನ್ ಜೊತೆ ನಿಂತು ಮಾದರಿಯನ್ನು ತೋರಿಸಿದರು. ಹಸಿರು ಬಣ್ಣ, ಕರೆಂಟಿಲ್ಲದ ಕಡೆ ತಿರುಗಿಸಿ ಚಾರ್ಜ್ ಮಾಡೋಕೆ ಒಂದು ಹಿಡಿ. ವೇದಿಕೆಯ ಮೇಲೇ ಆ ಹಿಡಿ ಕಿತ್ತುಬಂತು. ಮುಂದೆ ಬಂದ ಯಂತ್ರದಲ್ಲಿ ಹಿಡಿಯೂ ಇರಲಿಲ್ಲ, 100 ಡಾಲರೂ ಇರಲಿಲ್ಲ. 2007ರಲ್ಲಿ ಕಾರ್ಖಾನೆಯಿಂದ ಹೊರಬಂದಾಗ ಬೆಲೆ 188 ಡಾಲರ್.

ಯಂತ್ರ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಬಿಸಿಲಲ್ಲೂ ಕಾಣುವ ಪರದೆ, ಧೂಳು ನೀರು ಹೋಗದ ಕೀಬೋರ್ಡ್, ತೀರಾ ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಗುಣ. ಆದರೆ ಅದರ ಹಿಂದಿದ್ದ ನಂಬಿಕೆಯೇ ವಿಚಿತ್ರ. ಮಗುವಿನ ಕೈಗೆ ಕೊಟ್ಟರೆ ಸಾಕು, ಕಲಿಕೆ ತಾನಾಗೇ ಆಗುತ್ತೆ ಅನ್ನೋದು. ಕರು ಹುಟ್ಟಿದ ತಕ್ಷಣ ಎದ್ದು ನಿಲ್ಲೋದಿಲ್ಲವಾ, ಹಾಗೆ!

ಇದನ್ನು ಎಲ್ಲರಿಗಿಂತ ಜಾಸ್ತಿ ನಂಬಿದ್ದು ದಕ್ಷಿಣ ಅಮೆರಿಕದ ಪೆರು ದೇಶ. ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಕೊಂಡಿತು. ಆಂಡಿಸ್ ಬೆಟ್ಟಗಳ ಮೇಲಿನ ಬಡ ಹಳ್ಳಿಗಳ ಶಾಲೆಗಳಿಗೆ ಮೊದಲು ಕೊಟ್ಟಿತು. ಉದ್ದೇಶ ಒಳ್ಳೆಯದೇ. 2012ರಲ್ಲಿ ಇಂಟರ್-ಅಮೆರಿಕನ್ ಅಭಿವೃದ್ಧಿ ಬ್ಯಾಂಕ್ ಅಲ್ಲಿನ 319 ಶಾಲೆಗಳ ಅಧ್ಯಯನ ಹೊರತಂದಿತು. ಲ್ಯಾಪ್‌ಟಾಪ್ ಬಂದ ಶಾಲೆಗಳಲ್ಲಿ ನೂರು ಮಕ್ಕಳಿಗೆ 118 ಕಂಪ್ಯೂಟರ್. ಬಾರದ ಶಾಲೆಗಳಲ್ಲಿ ನೂರಕ್ಕೆ 12ರ ಆಸುಪಾಸು. ಗಣಿತದಲ್ಲಿ, ಭಾಷೆಯಲ್ಲಿ ಎರಡರ ನಡುವೆ ಏನು ವ್ಯತ್ಯಾಸ? ಏನೂ ಇಲ್ಲ. ಯೋಚಿಸುವ ಚುರುಕಿನಲ್ಲಿ ಸ್ವಲ್ಪ ಮುಂದಿದ್ದರು, ನಿಜ. ಆ ಶಾಲೆಗಳಿಗೆ ಇಂಟರ್‌ನೆಟ್ ಹೆಚ್ಚುಕಡಿಮೆ ಇರಲೇ ಇಲ್ಲ. ಪಾಠಕ್ಕೆ ಇದನ್ನು ಹೇಗೆ ಬೆಸೆಯೋದು ಅಂತ ಮೇಷ್ಟ್ರಿಗೆ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಮನೆಗೆ ಒಯ್ಯಲಿ ಅಂತಲೇ ಕೊಟ್ಟ ಲ್ಯಾಪ್‌ಟಾಪನ್ನು ಬಹಳ ಮಕ್ಕಳು ಮನೆಗೆ ಒಯ್ಯಲಿಲ್ಲ. ಒಡೆದರೆ ಯಾರು ಕಟ್ಟಿಕೊಡೋದು ಅನ್ನೋ ಭಯ ಅಪ್ಪ ಅಮ್ಮಂದಿರಿಗೆ. ನೋಡಿ, ಹೂವಿನ ಹೊದಿಕೆ ಪೆರುವಿನಲ್ಲೂ ಇತ್ತು, ಬೇರೆ ರೂಪದಲ್ಲಿ.

ಭಾರತ ಈ ಯೋಜನೆಗೆ ಸೇರಲಿಲ್ಲ. 2006ರಲ್ಲಿ ಆಗಿನ ಕೇಂದ್ರ ಶಿಕ್ಷಣ ಕಾರ್ಯದರ್ಶಿ ಸುದೀಪ್ ಬ್ಯಾನರ್ಜಿ, ನಮಗೆ ಇಂಥ ಬಣ್ಣದ ಸಾಮಾನಿಗಿಂತ ಮೊದಲು ತರಗತಿ ಬೇಕು, ಶಿಕ್ಷಕರು ಬೇಕು ಅನ್ನೋ ಅರ್ಥದಲ್ಲಿ ಬೇಡ ಅಂದುಬಿಟ್ಟರು. ಆಗ ಅನೇಕರಿಗೆ ಇದು ಹಳೇ ಕಾಲದ ಮಾತು ಅನ್ನಿಸಿತು. ನನಗೆ ಅದು ಕಂಪ್ಯೂಟರ್ ವಿರೋಧದ ಮಾತು ಅನ್ನಿಸೋದಿಲ್ಲ. ಯಾವುದು ಮೊದಲು ಅನ್ನೋ ಪ್ರಶ್ನೆ ಅಷ್ಟೆ. ತಮಾಷೆ ಏನಂದರೆ, ಅದೇ ಕೇಂದ್ರ ಸರ್ಕಾರ ಐದು ವರ್ಷದಲ್ಲಿ ತನ್ನದೇ ಅಗ್ಗದ ಸಾಮಾನು ಹಿಡಿದು ಬಂತು. 2011ರ ಅಕ್ಟೋಬರಿನಲ್ಲಿ ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ಬಿಡುಗಡೆ ಮಾಡಿದ 'ಆಕಾಶ್' ಟ್ಯಾಬ್ಲೆಟ್. 35 ಡಾಲರಿನ ಟ್ಯಾಬ್ಲೆಟ್ ಅಂತ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಒತ್ತಿ ಒತ್ತಿ ಮುಟ್ಟಬೇಕಾದ ಪರದೆ, ತೆವಳುವ ಪ್ರೊಸೆಸರ್, ಬೇಗ ಖಾಲಿಯಾಗುವ ಬ್ಯಾಟರಿ. ಎರಡನೇ ಆವೃತ್ತಿ ಇದಕ್ಕಿಂತ ಮೇಲು, ಆದರೆ ಅಷ್ಟರಲ್ಲಿ ಅಗ್ಗದ ಆಂಡ್ರಾಯ್ಡ್ ಫೋನುಗಳೇ ಬಂದುಬಿಟ್ಟಿದ್ದವು. ಆಕಾಶ್ ಸದ್ದಿಲ್ಲದೆ ಮುಗಿಯಿತು. ಅದರ ಬಗ್ಗೆ ಹೆಚ್ಚು ಹೇಳೋಕೆ ಏನೂ ಇಲ್ಲ. ಬೆಲೆ ಒಂದನ್ನೇ ಗುರಿ ಇಟ್ಟುಕೊಂಡರೆ ಎಂಥ ವಸ್ತು ಹುಟ್ಟುತ್ತದೋ ಅದು ಹುಟ್ಟಿತು.

ಎಲ್ಲ ಕಡೆ ಸೋಲೇ ಅಂತಲ್ಲ. ಪೆರು ಕೊಂಡಂಥದ್ದೇ ಹಸಿರು ಲ್ಯಾಪ್‌ಟಾಪನ್ನು ಉರುಗ್ವೆಯೂ ಕೊಂಡಿತ್ತು. 2007ರಲ್ಲಿ ಕಾರ್ದಾಲ್ ಅನ್ನೋ ಸಣ್ಣ ಊರಿನಿಂದ ಶುರು ಮಾಡಿ, ಎರಡೇ ವರ್ಷದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಕೊಟ್ಟು ಮುಗಿಸಿತು. 'ಪ್ಲಾನ್ ಸೇಬಾಲ್' ಅಂತ ಅದರ ಹೆಸರು, ಇವತ್ತಿಗೂ ನಡೆಯುತ್ತಿದೆ. ಉರುಗ್ವೆಯ ಜನಸಂಖ್ಯೆ ನಮ್ಮ ಒಂದು ದೊಡ್ಡ ಜಿಲ್ಲೆಯಷ್ಟು, ಕರೆಂಟು ಹೆಚ್ಚುಕಡಿಮೆ ಎಲ್ಲ ಕಡೆ ಇತ್ತು. ಆದರೆ ಅದಷ್ಟೇ ಕಾರಣ ಅಲ್ಲ. ಲ್ಯಾಪ್‌ಟಾಪ್ ಹಂಚೋದರ ಜೊತೆಗೇ ಶಾಲೆಗೆ ಇಂಟರ್‌ನೆಟ್ ಹಾಕಿದರು, ಇದನ್ನು ನೋಡಿಕೊಳ್ಳೋಕೇ ಒಂದು ಸಂಸ್ಥೆ ಮಾಡಿದರು, ರಿಪೇರಿಗೆ ಊರೂರಿಗೆ ವ್ಯಾನ್ ಕಳಿಸಿದರು. ಅಲ್ಲೂ ಬರೀ ಲ್ಯಾಪ್‌ಟಾಪಿನಿಂದ ಗಣಿತದ ಅಂಕ ಮೇಲೇರಿತು ಅಂತ ಅಧ್ಯಯನಗಳು ಹೇಳಲಿಲ್ಲ. ಆದರೆ ಯಂತ್ರಗಳು ಕಪಾಟು ಸೇರಲಿಲ್ಲ. ಬಡವರ ಮನೆಗೆ ಕಂಪ್ಯೂಟರ್ ಬಂತು, ಉಳಿಯಿತು. ರಿಪೇರಿ ವ್ಯಾನಿನ ಫೋಟೊ ಪತ್ರಿಕೆಯ ಮುಖಪುಟದಲ್ಲಿ ಬರೋದಿಲ್ಲ, ಅದೊಂದೇ ಕಷ್ಟ.

ಈಗ ನಮ್ಮ ಕಡೆಗೆ ಬರೋಣ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಭಾರತದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆ ನೂರಕ್ಕೆ 4.4. ಪಟ್ಟಣಗಳಲ್ಲಿ 23.4. ಎರಡು ವರ್ಷ ಬಿಟ್ಟು ಕೊರೊನಾ ಬಂತು, ಶಾಲೆ ಮುಚ್ಚಿತು. ಆನ್‌ಲೈನ್ ಪಾಠ ಅಂತ ಊರೆಲ್ಲ ಮಾತಾಡುವಾಗ ಕರ್ನಾಟಕದ ಶಿಕ್ಷಣ ಇಲಾಖೆ 2020ರ ಆಗಸ್ಟ್‌ನಲ್ಲಿ ಶುರು ಮಾಡಿದ್ದು 'ವಿದ್ಯಾಗಮ'. ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗೋದು, ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಗುಂಪು ಮಾಡಿ ಪಾಠ ಹೇಳೋದು. ಐಟಿ ರಾಜಧಾನಿ ಇರುವ ರಾಜ್ಯದ ಹಳ್ಳಿಗಳಲ್ಲಿ ಇಂಟರ್‌ನೆಟ್ಟಿಗಿಂತ ಮೇಷ್ಟ್ರ ಬೈಕು ಬೇಗ ತಲುಪುತ್ತೆ ಅಂತ ಇಲಾಖೆಯೇ ಒಪ್ಪಿಕೊಂಡಂತಾಯಿತು. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡದ ಮೇಲೆ ಪ್ಲಾಸ್ಟಿಕ್ ಶೀಟ್ ಕಟ್ಟಿಕೊಂಡು ಕೂತ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ.

ಆಮೇಲೆ ಸ್ಮಾರ್ಟ್‌ಫೋನ್ ಭರದಿಂದ ಬಂತು. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ಸಮೀಕ್ಷೆ ಹೋದ ಮನೆಗಳಲ್ಲಿ 2018ಕ್ಕೆ ನೂರಕ್ಕೆ 36 ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. 2022ಕ್ಕೆ ಸುಮಾರು 75. ಹಾಗಾದರೆ ಕತೆ ಮುಗೀತು ಅಲ್ವಾ? ಪ್ರತಿ ಜೇಬಿನಲ್ಲೂ ಒಂದು ಕಂಪ್ಯೂಟರ್ ಇದೆ, ಸಿಂಪ್ಯೂಟರ್‌ಗಿಂತ ಎಷ್ಟೋ ಪಟ್ಟು ಬಲಶಾಲಿ.

ಮುಗಿದಿಲ್ಲ ಅಂತ ನನ್ನ ಅಭಿಪ್ರಾಯ. ಫೋನು ನೋಡೋಕೆ, ಕೇಳೋಕೆ, ಮಾತಾಡೋಕೆ ಚೆನ್ನ. ಟೈಪ್ ಮಾಡೋಕೆ ಬಾರದವರು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ ಆರಾಮಾಗಿದ್ದಾರೆ. ಆದರೆ ಹಳ್ಳಿಯವರಿಗೆ ಕಂಪ್ಯೂಟರ್ ನಿಜಕ್ಕೂ ಬೇಕಾಗೋದು ಒಂದು ಕಡೆ, ಸರ್ಕಾರದ ಜೊತೆ ವ್ಯವಹರಿಸುವಾಗ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಮಕ್ಕಳ ಸ್ಕಾಲರ್‌ಶಿಪ್, ಬೆಳೆ ವಿಮೆ. ಅಲ್ಲಿನ ವೆಬ್‌ಸೈಟುಗಳು ಈಗಲೂ ದೊಡ್ಡ ಪರದೆ, ಕೀಬೋರ್ಡ್, ಪ್ರಿಂಟರ್, ಸ್ಕ್ಯಾನರ್ ಎಲ್ಲ ಮುಂದಿದೆ ಅಂದುಕೊಂಡೇ ಮಾತಾಡುತ್ತವೆ. ಫೋಟೊ ಇಷ್ಟು ಕೆಬಿ ಒಳಗಿರಬೇಕು, ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಬೇಕು, ಇನಿಶಿಯಲ್ ಮೊದಲು ಬಂದರೆ ರಿಜೆಕ್ಟ್. ತಪ್ಪಾದರೆ ಎಲ್ಲಿ ತಪ್ಪಾಯಿತು ಅನ್ನೋದನ್ನು ಇಂಗ್ಲಿಷಿನಲ್ಲಿ, ಕೆಂಪಕ್ಷರದಲ್ಲಿ ಹೇಳುತ್ತೆ.

ಹಾಗಾಗಿ ನಮ್ಮಲ್ಲಿ ಗೆದ್ದಿದ್ದು ಊರಿಗೊಂದು ಹಂಚಿಕೊಳ್ಳುವ ಕಂಪ್ಯೂಟರ್, ಆದರೆ ಸಿಂಪ್ಯೂಟರ್‌ನವರು ನೆನೆಸಿದ ರೀತಿಯಲ್ಲಿ ಅಲ್ಲ. 2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಶಾನುಭೋಗರ ಕೈಬರಹದ ಪಹಣಿ ಹೋಗಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರಿಂಟು ಸಿಗತೊಡಗಿತು. ಕಿಟಕಿ ತಾಲ್ಲೂಕಿನಿಂದ ಹೋಬಳಿಗೆ ಇಳಿಯಿತು. ನೆಮ್ಮದಿ ಕೇಂದ್ರ, ಅಟಲ್‌ಜೀ ಜನಸ್ನೇಹಿ ಕೇಂದ್ರ, ಪಂಚಾಯ್ತಿಗೆ ಬಾಪೂಜಿ ಸೇವಾ ಕೇಂದ್ರ, 2022ರಿಂದ ಗ್ರಾಮ ಒನ್. ಬೋರ್ಡು ಬದಲಾದಂತೆ ಕಿಟಕಿ ಹತ್ತಿರ ಬಂದಿದೆ, ಇದು ಸಣ್ಣ ಕೆಲಸ ಅಲ್ಲ. ಒಂದು ಪಹಣಿಗೆ ದಿನವಿಡೀ ಹಾಳು ಮಾಡಿಕೊಂಡು ತಾಲ್ಲೂಕಿಗೆ ಹೋಗಿ ಬಂದ ನಮ್ಮಪ್ಪನ ತಲೆಮಾರಿಗೆ ಅದರ ಬೆಲೆ ಗೊತ್ತು.

ಆದರೆ ಕಿಟಕಿ ಕಿಟಕಿಯೇ. ಪರದೆ ಆ ಕಡೆ ತಿರುಗಿರುತ್ತೆ. ಅದರಲ್ಲಿ ಏನಿದೆ ಅಂತ ಈ ಕಡೆ ನಿಂತವರಿಗೆ ಕಾಣೋದಿಲ್ಲ. 2023ರ ಜುಲೈನಲ್ಲಿ ಗೃಹಲಕ್ಷ್ಮಿಗೆ ಹೆಸರು ನೋಂದಾಯಿಸುವಾಗ ಊರೂರಲ್ಲಿ ಹೆಂಗಸರು ಸಾಲುಗಟ್ಟಿ ನಿಂತರು, ಒಳಗಿನಿಂದ ಬರುತ್ತಿದ್ದದ್ದು ಒಂದೇ ಮಾತು, ಸರ್ವರ್ ಇಲ್ಲ. ಸರ್ವರ್ ಅಂದರೆ ಏನು ಅಂತ ಗೊತ್ತಿಲ್ಲದೇ ಇಡೀ ರಾಜ್ಯ ಆ ಶಬ್ದ ಕಲಿಯಿತು. ನಮ್ಮ ದೊಡ್ಡಮ್ಮ ಅದನ್ನು ಯಾರೋ ಒಬ್ಬ ಆಸಾಮಿ ಅಂದುಕೊಂಡಿದ್ದರು. 'ಅವನು ಸೋಮವಾರ ಬತ್ತಾನಂತೆ' ಅಂತ ಮನೆಗೆ ವಾಪಸ್ಸು ಬಂದರು.

ಹೋದ ತಿಂಗಳು ಊರಿಗೆ ಹೋದಾಗ ಹೋಬಳಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದೆ. ಆನ್‌ಲೈನ್ ಅರ್ಜಿ ಹಾಕಲಾಗುತ್ತದೆ ಅಂತ ಫ್ಲೆಕ್ಸ್ ಇರುವ ಸಾಮಾನ್ಯ ಅಂಗಡಿ. ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನದಿಂದ ಕರೆಂಟಿರಲಿಲ್ಲ, ಕಂಪ್ಯೂಟರ್ ಯುಪಿಎಸ್ ಮೇಲೆ ಕುಂಯ್‌ಗುಡುತ್ತಿತ್ತು. ಅಂಗಡಿ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು, ಬೆರಳು ನೋಡದೆ ನುಡಿ ಟೈಪ್ ಮಾಡುತ್ತಾನೆ. ಅವನ ಮುಂದೆ ಒಬ್ಬ ಅಜ್ಜಿ. ಅರ್ಜಿ ತುಂಬಿದ, ಆಧಾರ್ ನಂಬರ್ ಹೊಡೆದ.

'ಅಜ್ಜಿ, ಓಟಿಪಿ ಬಂತಾ?'

ಅಜ್ಜಿ ಸೊಂಟದ ಎಲೆಅಡಿಕೆ ಚೀಲದಿಂದ ಫೋನ್ ತೆಗೆದರು. ಮೊಮ್ಮಗ ಬೆಂಗಳೂರಿನಿಂದ ತಂದುಕೊಟ್ಟಿದ್ದಂತೆ, ಒಂಬತ್ತು ಸಾವಿರ ಕೊಟ್ಟು. ಹಿಂದೆ ದೇವರ ಚಿತ್ರದ ಕವರು, ಪರದೆ ಒಂದು ಮೂಲೆಯಲ್ಲಿ ಬಿರುಕು. ಹೊಳೆಯುವ ಪರದೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

'ಏನೋ ಬಂದದೆ ಕಣಪ್ಪ, ನೀನೇ ನೋಡು' ಅಂತ ಫೋನನ್ನು ಕೌಂಟರ್ ಮೇಲಿಂದ ಆಚೆ ಕಡೆಗೆ ಚಾಚಿದರು.